ಹವಾಮಹಲಿನ ಎದುರಿನ ಪೆಟ್ಟಿಗೆ

ಜಯಪುರಕ್ಕೆ ಹೋದವರು ಹವಾಮಹಲನ್ನು ನೋಡದೆ ಹಿಂದಿರುಗುವುದಿಲ್ಲ. ಆದರೆ ಬೀದಿಯಲ್ಲಿ ನಿಂತು ನಾವು ಬೆರಗಿನಿಂದ ನೋಡುವುದು ಆ ಅರಮನೆಯ ಮುಖವನ್ನಲ್ಲ, ಬೆನ್ನನ್ನು ಎಂಬ ಸಂಗತಿ ಅನೇಕರಿಗೆ ತಿಳಿಯದು. ಒಳಗೆ ಹೋಗುವ ಬಾಗಿಲಿರುವುದು ಹಿಂದುಗಡೆ. ಬೀದಿಯ ಕಡೆಗೆ ಇರುವುದೆಲ್ಲ ಬರಿಯ ಕಿಟಕಿಗಳೇ. ಐದು ಅಂತಸ್ತುಗಳಲ್ಲಿ ಒಟ್ಟು ೯೫೩ ಕಿಟಕಿಗಳು. ೧೭೯೯ರಲ್ಲಿ ಸವಾಯಿ ಪ್ರತಾಪಸಿಂಹನು ಲಾಲ್‌ಚಂದ್ ಉಸ್ತಾದನ ಕೈಯಲ್ಲಿ ಇದನ್ನು ಕಟ್ಟಿಸಿದ. ಅಂತಃಪುರದ ಸ್ತ್ರೀಯರು ಬೀದಿಯ ಮೆರವಣಿಗೆಗಳನ್ನು ತಾವು ನೋಡಬೇಕು, ತಮ್ಮನ್ನು ಮಾತ್ರ ಯಾರೂ ನೋಡಬಾರದು: ಇದಿಷ್ಟೇ ಅದರ ಉದ್ದೇಶ.

ಈ ಬಾಗಿಲಿನ ವಿಷಯ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಅಮ್ಮನ ಮಂಡಿನೋವಿನಿಂದ. ಮುಂದಿನ ಬೀದಿಯಲ್ಲೆಲ್ಲ ಬಾಗಿಲನ್ನು ಹುಡುಕಿ, ಕೊನೆಗೆ ಯಾರೋ ತೋರಿಸಿದ ಓಣಿಯನ್ನು ಸುತ್ತಿ ಬರುವ ವೇಳೆಗೆ ಆಕೆಗೆ ಸಾಕಾಗಿತ್ತು. "ಅಷ್ಟು ಕಿಟಕಿ ಇಡಿಸಿದ ಪುಣ್ಯಾತ್ಮನಿಗೆ ಈ ಕಡೆಗೊಂದು ಬಾಗಿಲು ಇಡಿಸೋಕೆ ಆಗಲಿಲ್ಲವೇನೋ?" ಎಂದು ಕೇಳಿದಳು.

ಅದು ೨೦೧೮ರ ದಸರಾ ರಜೆ. ನಾಡಿನ ಜನವೆಲ್ಲ ಮೈಸೂರಿಗೆ ಬರುವ ಆ ದಿನಗಳಲ್ಲಿ ಮೈಸೂರಿನವರಾದ ನಾವು ಊರು ಬಿಟ್ಟು ಹೊರಟಿದ್ದೆವು: ನಾನು, ನನ್ನಾಕೆ, ಏಳು ವರ್ಷದ ಪುಟ್ಟಿ ಮತ್ತು ಅಮ್ಮ. ಮೈಸೂರಿನಿಂದ ಜಯಪುರಕ್ಕೆ ನೇರವಾದ ರೈಲಿದೆ. ಎರಡು ರಾತ್ರಿಗಳನ್ನು ಅದರಲ್ಲಿ ಕಳೆದು, ಅಮ್ಮ ಕಟ್ಟಿಕೊಂಡು ಬಂದಿದ್ದ ಕೋಡುಬಳೆಯ ಡಬ್ಬಿಯನ್ನು ಬರಿದುಮಾಡಿ, ನಾವು ಆ ಕೆಂಪು ಊರಿನಲ್ಲಿ ಇಳಿದೆವು.

ಜಯಪುರ ತಾನಾಗಿ ಬೆಳೆದ ಊರಲ್ಲ. ಎಣಿಸಿ, ಅಳೆದು ಕಟ್ಟಿದ ಊರು. ೧೭೨೭ರಲ್ಲಿ ಸವಾಯಿ ಜಯಸಿಂಹನು ತಳಹದಿ ಹಾಕಿದಾಗ, ಬಂಗಾಳದಿಂದ ಬಂದಿದ್ದ ವಿದ್ಯಾಧರ ಭಟ್ಟಾಚಾರ್ಯ ಎಂಬ ಪಂಡಿತನು ಅದರ ವಿನ್ಯಾಸದಲ್ಲಿ ನೆರವಾದನಂತೆ. ಬೀದಿಗಳು ನೂಲು ಹಿಡಿದಂತೆ ನೇರವಾಗಿವೆ. ಒಂದನ್ನೊಂದು ಕತ್ತರಿಸುವೆಡೆಯಲ್ಲಿ ವಿಶಾಲವಾದ ಚೌಕಗಳಿವೆ. ಗೋಡೆಗಳ ಹೆಸರಾಂತ ಬಣ್ಣ ಮಾತ್ರ ಆಮೇಲಿನದು. ೧೮೭೬ರಲ್ಲಿ ವೇಲ್ಸ್ ರಾಜಕುಮಾರನು ಬಂದಾಗ ಸ್ವಾಗತಕ್ಕಾಗಿ ಬಳಿಸಿದ ಬಣ್ಣ ಊರಿನ ಹೆಸರೇ ಆಗಿ ಉಳಿಯಿತು. ನಾವು ಹೋಗಿಬಂದ ಮರುವರ್ಷ, ೨೦೧೯ರಲ್ಲಿ, ಕೋಟೆಯೊಳಗಿನ ಈ ನಗರವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹವಾಮಹಲಿನ ಮೇಲಿನ ಅಂತಸ್ತುಗಳಿಗೆ ಏರಲು ಇಳಿಜಾರಿನ ಹಾದಿಗಳಿವೆ. ಅದು ಅಮ್ಮನ ಮಂಡಿಗೆ ಅನುಕೂಲವಾಯಿತು. ಮೇಲೆ ಹೋಗಿ, ಜಾಲಂಧ್ರದ ಕಿಂಡಿಯೊಂದಕ್ಕೆ ಕಣ್ಣಿಟ್ಟು, ಆಕೆ ಬಹಳ ಹೊತ್ತು ಬೀದಿಯನ್ನು ನೋಡುತ್ತ ನಿಂತಳು. ತಣ್ಣನೆಯ ಗಾಳಿ ಬೀಸುತ್ತಿತ್ತು.

"ನೋಡೋ, ಅಲ್ಲಿ ಒಬ್ಬ ಪೆಟ್ಟಿಗೆಯೊಳಗೆ ಮೊಳಕೈವರೆಗೂ ಕೈ ಹಾಕಿಕೊಂಡು ಕೂತಿದ್ದಾನೆ. ಹಾವಾಡಿಗನೇ?"

ನಾನೂ ಬಗ್ಗಿ ನೋಡಿದೆ. ಎದುರುಬದಿಯ ಅಂಗಡಿಸಾಲಿನ ನೆರಳಿನಲ್ಲಿ ಮುಕ್ಕಾಲಿಯ ಮೇಲೆ ಒಂದು ಮರದ ಪೆಟ್ಟಿಗೆ. ಅದರ ಪಕ್ಕಕ್ಕೆ ಹೊಲಿದಿದ್ದ ಕಪ್ಪು ಬಟ್ಟೆಯ ತೋಳಿನೊಳಗೆ ಕೈಯನ್ನು ತೂರಿಸಿಕೊಂಡು, ಕಣ್ಣನ್ನು ಆಕಾಶದ ಕಡೆಗಿಟ್ಟು, ನೀರಿನಡಿಯಲ್ಲಿ ಏನನ್ನೋ ತಡಕುವವರಂತೆ ಒಬ್ಬ ವೃದ್ಧರು ಕೂತಿದ್ದರು. ಹಾವಾಡಿಗರಲ್ಲ, ಛಾಯಾಗ್ರಾಹಕರು.

ಕೆಳಗಿಳಿದು ಬಂದಾಗ ಅವರ ಸುತ್ತ ಆಗಲೇ ಒಂದು ಸಣ್ಣ ಗುಂಪಿತ್ತು. ಚಹಾ ಮಾರುವ ಹುಡುಗನು ಅವರ ಪರವಾಗಿ ತಾನೇ ಹೆಮ್ಮೆಪಟ್ಟು ಹೇಳಿದ: ಅವರು ಈ ಬೀದಿಗೆಲ್ಲ ಹೆಸರಾದವರು, ದೂರ ದೇಶಗಳವರು ಹುಡುಕಿಕೊಂಡು ಬರುತ್ತಾರೆ, ಪತ್ರಿಕೆಗಳಲ್ಲಿ ಅವರ ವಿಷಯ ಬಂದಿದೆ. ಸಾಕ್ಷಿಗೆಂಬಂತೆ ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಹಳದಿಗಟ್ಟಿದ ಪತ್ರಿಕೆಯ ತುಣುಕುಗಳು ಅಂಟಿದ್ದವು. ನಾನು ಅವರ ಹೆಸರನ್ನು ಕೇಳಿದೆ. "ಪೆಟ್ಟಿಗೆಯವನು ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ," ಎಂದು ನಕ್ಕರು. ನಾನೂ ಇಲ್ಲಿ ಅಷ್ಟೇ ಹೇಳುತ್ತೇನೆ.

ಪುಟ್ಟಿ ಆಗಲೇ ಮುಕ್ಕಾಲಿಯ ಮುಂದಿನ ಮಣೆಯ ಮೇಲೆ ಕೂತುಬಿಟ್ಟಿದ್ದಳು. ಕೆಂಪು ಲಂಗ, ಎರಡು ಜಡೆ. ಮುದುಕರು ಆಕೆಯ ಗದ್ದವನ್ನು ಎತ್ತಿ ಸರಿಮಾಡಿ, ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು, "ಏಕ್, ದೋ, ತೀನ್" ಎಂದು ಎಣಿಸಿ ಮತ್ತೆ ಮುಚ್ಚಿದರು. ಆ ಮೂರು ಎಣಿಕೆಯವರೆಗೆ ನಮ್ಮ ಪುಟ್ಟಿ ಅಲುಗದೆ ಕೂತಿದ್ದಳೆಂಬುದೇ ನಮಗೆ ಒಂದು ಅದ್ಭುತ.

ಆ ಪೆಟ್ಟಿಗೆ ಕ್ಯಾಮೆರಾವೂ ಹೌದು, ಕತ್ತಲೆ ಕೋಣೆಯೂ ಹೌದು. ಒಳಗೆ ಫಿಲ್ಮು ಇಲ್ಲ. ಬೆಳಕಿಗೆ ಸ್ಪಂದಿಸುವ ಕಾಗದದ ಹಾಳೆಗಳು, ಎರಡು ತಟ್ಟೆಗಳಲ್ಲಿ ಎರಡು ದ್ರಾವಣಗಳು. ಚಿತ್ರವನ್ನು ಹೊರಡಿಸುವುದು ಒಂದು. ಹೊರಟ ಚಿತ್ರವನ್ನು ನಿಲ್ಲಿಸುವ ಹೈಪೋ ಇನ್ನೊಂದು. ಒಳಗಿನ ಕೆಲಸವನ್ನು ಕಾಣಲು ಒಂದು ಕೆಂಪು ಗಾಜಿನ ಕಿಂಡಿ. ಸ್ವಲ್ಪ ಹೊತ್ತಿಗೆಲ್ಲ ಮುದುಕರು ಒದ್ದೆಯಾದ ಕಾಗದವೊಂದನ್ನು ಹೊರತೆಗೆದು ಬಕೆಟ್ಟಿನ ನೀರಿನಲ್ಲಿ ಅದ್ದಿದರು. ಅದರಲ್ಲಿ ಪುಟ್ಟಿಯ ಮುಖ ಕಪ್ಪು, ಕೂದಲು ಬಿಳುಪು. ಎಡಗೆನ್ನೆಯ ಗುಳಿ ಬಲಗೆನ್ನೆಗೆ ಹೋಗಿತ್ತು. ಪುಟ್ಟಿ ಅಳುವುದೊಂದು ಬಾಕಿ.

ಮುದುಕರು ಆತುರಪಡಲಿಲ್ಲ. ಮಸೂರದ ಮುಂದಕ್ಕೆ ಚಾಚಿದ್ದ ಮರದ ತೋಳಿನ ಹಲಗೆಗೆ ಆ ಒದ್ದೆ ಕಾಗದವನ್ನು ಅಂಟಿಸಿ, ಅದನ್ನೇ ಮತ್ತೆ ಒಂದು ಸಲ ಚಿತ್ರ ತೆಗೆದರು. ಕಪ್ಪು ಬಿಳುಪಾಯಿತು, ಬಿಳುಪು ಕಪ್ಪಾಯಿತು, ಗುಳಿ ತನ್ನ ಕೆನ್ನೆಗೆ ಹಿಂದಿರುಗಿತು. ಎರಡು ತಪ್ಪುಗಳು ಸೇರಿ ಒಂದು ಸರಿಯಾಗುವ ಈ ಲೆಕ್ಕ ಹೊಸದಲ್ಲ. ಕಾಗದದ ಮೇಲೆ ಮೊದಲು ತಿರುವುಮುರುವಾದ ಚಿತ್ರ, ಅದರಿಂದ ನೇರವಾದ ಚಿತ್ರ ಎಂಬ ಉಪಾಯಕ್ಕೆ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ೧೮೪೧ರಲ್ಲೇ ಹಕ್ಕುಪತ್ರ ಪಡೆದಿದ್ದ.

"ನನ್ನ ಲಂಗ ಕೆಂಪು. ಇದರಲ್ಲಿ ಯಾಕೆ ಕಪ್ಪಾಗಿದೆ?" ಎಂದು ಪುಟ್ಟಿ ಆಕ್ಷೇಪಿಸಿದಳು. ನಾನು ನನ್ನ ಪರೀಕ್ಷೆಯ ಹಿಂದಿಯಲ್ಲಿ ಪ್ರಶ್ನೆಯನ್ನು ಮುಟ್ಟಿಸಿದೆ.

"ಈ ಕಾಗದಕ್ಕೆ ಕೆಂಪು ಕಾಣುವುದಿಲ್ಲ, ಮಗು. ಅದಕ್ಕೇ ಪೆಟ್ಟಿಗೆಗೆ ಕೆಂಪು ಗಾಜು ಹಾಕಿರುವುದು. ಕೆಂಪು ಅದಕ್ಕೆ ಕತ್ತಲೆ. ನೀಲಿ ಅದಕ್ಕೆ ಬೆಳಕು," ಎಂದರು ಮುದುಕರು.

ಭಾರತದ ಬೀದಿಗಳ ಬಣ್ಣವನ್ನು ಛಾಯಾಚಿತ್ರಗಳಲ್ಲಿ ಜಗತ್ತಿಗೆ ತೋರಿಸಿದ ರಘುಬೀರ್ ಸಿಂಗ್ ಹುಟ್ಟಿದ್ದು ಇದೇ ಜಯಪುರದಲ್ಲಿ, ೧೯೪೨ರಲ್ಲಿ. ಅದೇ ಊರಿನ ಬೀದಿಯಲ್ಲಿ ಕೂತು ಈ ಮುದುಕರು ಊರಿನ ಕೆಂಪನ್ನೆಲ್ಲ ಕಪ್ಪುಮಾಡುತ್ತಿದ್ದರು.

ಆಮೇಲೆ ಅವರು ಅಮ್ಮನ ಕಡೆಗೆ ತಿರುಗಿ ಮಣೆಯನ್ನು ತೋರಿಸಿದರು. "ಬನ್ನಿ, ಮಾಂಜೀ."

"ಬೇಡಪ್ಪ. ನನಗ್ಯಾತಕ್ಕೆ ಪಟ?" ಎಂದು ಅಮ್ಮ ಸೆರಗನ್ನು ಹೊದ್ದುಕೊಂಡು ಹಿಂದೆ ಸರಿದಳು.

ಈ ಮಾತು ನನಗೆ ಹೊಸದಲ್ಲ. ಮೂರು ವರ್ಷಗಳಿಂದ ಕೇಳುತ್ತಿದ್ದೆ. ಅದರ ಹಿಂದಿನ ಕಥೆಯನ್ನು ಹೇಳದಿದ್ದರೆ ಮುಂದಿನದು ಓದುಗರಿಗೆ ಅರ್ಥವಾಗದು. ಹೇಳಿದರೆ ನನಗೆ ಗೌರವವಿಲ್ಲ. ಆದರೂ ಹೇಳುತ್ತೇನೆ.

ನಮ್ಮ ತಂದೆಯವರು ಸರ್ಕಾರಿ ಶಾಲೆಯ ಮೇಷ್ಟ್ರಾಗಿದ್ದರು. ಚಿತ್ರಕ್ಕೆ ನಿಲ್ಲುವುದೆಂದರೆ ಅವರಿಗೆ ಸಂಕೋಚ. ಕಡೆಗಾಲದಲ್ಲಿ ಮಾತ್ರ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ನಾನು ನನ್ನ ಫೋನಿನಲ್ಲಿ ತೆಗೆಯುತ್ತಿದ್ದೆ. ಅದು ಅವರ ಗಮನಕ್ಕೂ ಬರುತ್ತಿರಲಿಲ್ಲ. ಹಾಗೆ ನೂರಾರು ಚಿತ್ರಗಳಾದವು. "ಅದರಲ್ಲಿ ಒಂದನ್ನ ಕಾಗದದ ಮೇಲೆ ತೆಗೆಸಿಕೊಡೋ," ಎಂದು ಅಮ್ಮ ಮೂರು ಸಲ ಕೇಳಿದಳು. ಮೂರು ಸಲವೂ ನಾನು, "ಫೋನಿನಲ್ಲೇ ಇದೆಯಲ್ಲಮ್ಮ, ಎಲ್ಲಿ ಹೋಗುತ್ತದೆ?" ಎಂದೆ. ೨೦೧೫ರ ಮಳೆಗಾಲದಲ್ಲಿ ಫೋನು ನೀರಿಗೆ ಬಿದ್ದು ಕೆಟ್ಟಿತು. ಬೇರೆ ಕಡೆ ಪ್ರತಿಯಿಟ್ಟಿರಲಿಲ್ಲ. ಇನ್ನೊಮ್ಮೆ ತೆಗೆದರಾಯಿತು ಎಂದುಕೊಂಡೆ. ಅದೇ ವರ್ಷ ದೀಪಾವಳಿಗೆ ಮೊದಲು ತಂದೆಯವರು ತೀರಿಕೊಂಡರು.

ಉಳಿದದ್ದು ಅವರ ನೌಕರಿಯ ಗುರುತಿನ ಚೀಟಿಯೊಂದೇ. ಅದರ ಮೇಲೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಬಿಳುಪಿನ ಚಿತ್ರ. ಆ ಚಿತ್ರದ ಎಡಗೆನ್ನೆಯಿಂದ ಗದ್ದದವರೆಗೆ ಕಚೇರಿಯ ನೇರಳೆ ಬಣ್ಣದ ದುಂಡು ಮೊಹರು. ಅದನ್ನು ಸ್ಟುಡಿಯೋ ಒಂದಕ್ಕೆ ಕೊಟ್ಟು ದೊಡ್ಡದು ಮಾಡಿಸಿದೆ. ಮೊಹರೂ ದೊಡ್ಡದಾಯಿತು. ಕಂಪ್ಯೂಟರಿನಲ್ಲಿ ಅಳಿಸಿ ಕೊಡುತ್ತೇವೆಂದರು, ಕೊಟ್ಟರು. ಮೊಹರು ಹೋಗಿತ್ತು. ಅದರ ಜೊತೆಗೆ ಕೆನ್ನೆಯ ಗುಳಿಬಿದ್ದ ಭಾಗ, ಮೀಸೆಯ ಒಂದು ತುದಿ, ಎಡಗೆನ್ನೆಯ ಮಚ್ಚೆ ಎಲ್ಲವೂ ಹೋಗಿ, ಸಿನಿಮಾ ನಟನ ಹಾಗೆ ನುಣ್ಣನೆಯ ಮುಖದ ಗೃಹಸ್ಥರೊಬ್ಬರು ಚೌಕಟ್ಟಿನಲ್ಲಿ ಕೂತಿದ್ದರು. ಅಮ್ಮ ಅದಕ್ಕೆ ದಿನವೂ ಹೂ ಹಾಕುತ್ತಿದ್ದಳು. ಆದರೆ ಮುಖವನ್ನು ದಿಟ್ಟಿಸಿ ನೋಡಿದ್ದನ್ನು ನಾನು ಕಾಣೆ. ನನ್ನನ್ನು ಆಕೆ ಒಂದು ಮಾತೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಹಗುರವಾಗುತ್ತಿತ್ತು. ಯಾರಾದರೂ ತನ್ನ ಚಿತ್ರ ತೆಗೆಯಲು ಬಂದರೆ ಮಾತ್ರ, "ನನಗ್ಯಾತಕ್ಕೆ ಪಟ?" ಎನ್ನುತ್ತಿದ್ದಳು. ಆ ಮಾತು ಯಾರಿಗೆ ತಗಲಬೇಕೋ ಅವರಿಗೆ ತಗಲುತ್ತಿತ್ತು.

ಮುದುಕರು ಒತ್ತಾಯ ಮಾಡಲಿಲ್ಲ. ಇನ್ನೊಬ್ಬ ಯಾತ್ರಿಕರ ಚಿತ್ರವನ್ನು ತೆಗೆಯತೊಡಗಿದರು. ಅಮ್ಮ ಹೋಗೋಣವೆನ್ನದೆ ಅಲ್ಲೇ ನಿಂತು ನೋಡುತ್ತಿದ್ದಳು. ಮುದುಕರು ತಿರುವುಮುರುವಿನ ಕಾಗದವನ್ನು ಹಲಗೆಗೆ ಅಂಟಿಸಿದಾಗ ನನ್ನ ತೋಳನ್ನು ಮುಟ್ಟಿ, "ಅಂದರೆ ಇವರು ಪಟದ ಪಟ ತೆಗೀತಾರೆ, ಅಲ್ಲವೇ?" ಎಂದು ಕೇಳಿದಳು.

"ಹೌದಮ್ಮ."

ಆಕೆ ಮುಂದೆ ಹೋಗಿ, ಸೊಂಟಕ್ಕೆ ಸಿಕ್ಕಿಸಿದ್ದ ಸಣ್ಣ ಬಟ್ಟೆಯ ಚೀಲವನ್ನು ಬಿಚ್ಚಿ, ಅದರೊಳಗಿಂದ ಮಡಿಸಿದ ಕಾಗದವೊಂದನ್ನು ತೆಗೆದು, ಅದರೊಳಗಿಂದ ಆ ಗುರುತಿನ ಚೀಟಿಯನ್ನು ತೆಗೆದು ಮುದುಕರ ಕೈಗೆ ಕೊಟ್ಟಳು. ಮೂರು ವರ್ಷದಿಂದ ಅದು ಪೆಟ್ಟಿಗೆಯ ತಳದಲ್ಲಿದೆ ಎಂದು ನಾನು ಭಾವಿಸಿದ್ದೆ. ಅದು ಆಕೆಯ ಜೊತೆಯಲ್ಲೇ ಇತ್ತು. ಎರಡು ರಾತ್ರಿ ರೈಲಿನಲ್ಲಿ, ಹವಾಮಹಲಿನ ಕಿಂಡಿಯ ಬಳಿಯಲ್ಲಿ, ಎಲ್ಲೆಡೆಯೂ ತಂದೆಯವರು ನಮ್ಮೊಡನೆ ಬಂದಿದ್ದರು.

ಮುದುಕರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. ನಾನು ಸ್ಟುಡಿಯೋದ ಕಥೆಯನ್ನು ಹೇಳಿ, ಮೊಹರು ಹೋಗುವಂತಿಲ್ಲ ಎಂದೆ. ಅವರು ನನ್ನ ಮಾತನ್ನು ಅರ್ಧಕ್ಕೇ ತಡೆದರು.

"ಮಾಸ್ಟರ್‌ಜೀ, ನಾನು ವರ್ಷಗಟ್ಟಲೆ ಕಚೇರಿಗಳ ಬಾಗಿಲಲ್ಲಿ ಕೂತು ಅರ್ಜಿಗಳಿಗೆ ಚಿತ್ರ ತೆಗೆದವನು. ಎಷ್ಟೋ ಮೊಹರುಗಳನ್ನು ನೋಡಿದ್ದೇನೆ. ಮೊಹರು ಕೆಂಪಾಗಿದ್ದರೆ ನಾನೇನೂ ಮಾಡುವಂತಿರಲಿಲ್ಲ. ಇದು ನೇರಳೆ, ನೀಲಿಯ ತಂಗಿ."

ಚೀಟಿಯನ್ನು ಹಲಗೆಗೆ ಸಿಕ್ಕಿಸಿ, ಪೆಟ್ಟಿಗೆಯೊಳಗೆ ಕೈ ತೂರಿಸಿ ಹಾಳೆಯನ್ನು ಸರಿಪಡಿಸಿ, ಅವರು ಮುಚ್ಚಳವನ್ನು ತೆಗೆದರು. ಈ ಸಲ ಮೂರಕ್ಕೆ ನಿಲ್ಲಲಿಲ್ಲ. ತುಟಿಯಲ್ಲೇ ಬಹಳ ಹೊತ್ತು ಎಣಿಸಿದರು. ತಿರುವುಮುರುವಿನ ಚಿತ್ರ ಬಂದಿತು. ಅದರಿಂದ ಮತ್ತೊಂದು. ಅದನ್ನು ಬಕೆಟ್ಟಿನ ನೀರಿನಲ್ಲಿ ಜಾಲಾಡಿಸಿ, ಬಟ್ಟೆಯ ಮೇಲೆ ಒತ್ತಿ, ಅಮ್ಮನ ಅಂಗೈಯ ಮೇಲೆ ಇಟ್ಟರು.

ಮೊಹರು ಪೂರ್ತಿ ಹೋಗಿರಲಿಲ್ಲ. ಹುಡುಕಿ ನೋಡಿದರೆ ಬಳೆಯ ನೆರಳಿನಂತೆ ಒಂದು ಗೆರೆ ಕಾಣುತ್ತಿತ್ತು. ಆದರೆ ಅದರ ಕೆಳಗಿನಿಂದ ತಂದೆಯವರ ಕೆನ್ನೆ ಎದ್ದು ಬಂದಿತ್ತು. ಮೀಸೆಯ ತುದಿ ಬಂದಿತ್ತು. ಕಿವಿಯಿಂದ ಎರಡು ಬೆರಳಿನಷ್ಟು ಕೆಳಗೆ, ಇರಬೇಕಾದ ಜಾಗದಲ್ಲಿ, ಮಚ್ಚೆ ಇತ್ತು. ನೇರಳೆ ಮಸಿಯನ್ನು ಬೆಳಕೆಂದು ತಿಳಿದ ಆ ಕಾಗದ ಅದರ ಕೆಳಗಿನ ಕಪ್ಪನ್ನು ಕಪ್ಪೆಂದೇ ಕಂಡಿತ್ತು.

ಅಮ್ಮ ಮಚ್ಚೆಯ ಮೇಲೆ ಬೆರಳನ್ನು ಇಡಲು ಹೋಗಿ, ಕಾಗದ ಒದ್ದೆಯಿದೆಯೆಂದು ನೆನಪಾಗಿ, ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. "ಇವರೇ," ಎಂದಳು. ಬೇರೇನೂ ಹೇಳಲಿಲ್ಲ. ನನ್ನಾಕೆ ಪುಟ್ಟಿಯನ್ನು ಕರೆದುಕೊಂಡು ಬಳೆಯಂಗಡಿಯ ಕಡೆಗೆ ನಡೆದಳು. ನಾನು ಹವಾಮಹಲಿನ ಕಿಟಕಿಗಳನ್ನು ಎಣಿಸುವವನಂತೆ ನಿಂತಿದ್ದೆ.

ಕೆಲವು ನಿಮಿಷಗಳಾದ ಮೇಲೆ ಅಮ್ಮ ಕೇಳಿದಳು: "ಇದು ಯಾವ ಅಳತೆ ಇದೆಯೋ ಅದೇ ಅಳತೇಲಿ ನನ್ನದೂ ಒಂದು ತೆಗೀತಾರಾ, ಕೇಳು. ಇಬ್ಬರದೂ ಒಂದೇ ಸಮ ಇರಲಿ."

ಆಕೆ ಮಣೆಯ ಮೇಲೆ ಕೂತಳು. ಸೆರಗನ್ನು ಸರಿಮಾಡಿಕೊಂಡಳು. ಹಣೆಯ ವಿಭೂತಿಯನ್ನು ಮುಟ್ಟಿ ನೋಡಿಕೊಂಡಳು. ಬೀದಿಯಲ್ಲಿ ಆಟೋರಿಕ್ಷಾಗಳು, ಒಂಟೆಯ ಗಾಡಿ, ಯಾತ್ರಿಕರ ಗದ್ದಲ. ಅದರ ನಡುವೆ, ಎಲ್ಲರೂ ನೋಡುತ್ತಿರುವಾಗ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೇರವಾಗಿ ಮಸೂರವನ್ನು ನೋಡಿದಳು. ಇಡೀ ಜೀವನವನ್ನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಪಡಸಾಲೆಯನ್ನು ನೋಡುತ್ತ ಕಳೆದವಳು ಅವಳು. ಅಪ್ಪನ ಸ್ನೇಹಿತರಿಗೆಲ್ಲ ಅವಳ ಕಾಫಿಯ ರುಚಿ ಗೊತ್ತಿತ್ತೇ ಹೊರತು ಮುಖದ ಪರಿಚಯವಿರಲಿಲ್ಲ. ನನಗೆ ಆಗ, ನಗರದ ಗೋಡೆಗಳಿಗೆ ಕೆಂಪು ಬಳಿಸಿದ ಸವಾಯಿ ರಾಮಸಿಂಹ ಮಹಾರಾಜನ ನೆನಪು ಬಂದಿತು. ೧೮೮೦ರಲ್ಲಿ ತೀರಿಕೊಂಡ ಆ ದೊರೆ ಸ್ವತಃ ಒಳ್ಳೆಯ ಛಾಯಾಗ್ರಾಹಕ. ಗಾಜಿನ ಫಲಕಗಳ ಮೇಲೆ ಅವನು ತನ್ನ ಅಂತಃಪುರದ ಸ್ತ್ರೀಯರ ಚಿತ್ರಗಳನ್ನೂ ತೆಗೆದ. ಜಾಲಂಧ್ರಗಳ ಹಿಂದಿನ ಮುಖಗಳು ಹಾಗೆ ಬೆಳಕಿಗೆ ಬಂದವು. ಅವರಿಗೆ ರಾಜನೇ ಬೇಕಾಯಿತು. ನಮ್ಮ ಅಮ್ಮನಿಗೆ ಬೀದಿಯ ಪೆಟ್ಟಿಗೆಯವರು ಸಾಕಾಯಿತು.

ಮೊದಲ ಕಾಗದ ಹೊರಬಂದಾಗ ಅಮ್ಮ ಗಟ್ಟಿಯಾಗಿ ನಕ್ಕಳು. ತಿರುವುಮುರುವಿನ ಆ ಚಿತ್ರದಲ್ಲಿ ಆಕೆಯ ನರೆತ ತಲೆ ಕಾಡಿಗೆಯಂತೆ ಕಪ್ಪಾಗಿತ್ತು. "ಮದುವೆಯಾದಾಗ ಹೀಗೇ ಇತ್ತು. ಇದನ್ನೂ ಕೊಡಲಿ," ಎಂದಳು. ಮುದುಕರು ಎರಡನ್ನೂ ಕೊಟ್ಟರು. ಅವರು ತಮ್ಮಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲವಂತೆ. "ಮುಖ ಅವರದು, ಕಾಗದವೂ ಅವರದೇ."

ಆ ಕಾಗದವೇ ಈಗ ದುರ್ಲಭ. ಹಿಂದೆ ‘ಇಂದು’ ಎಂಬ ಹೆಸರಿನ ಕಾಗದವನ್ನು ಬಳಸುತ್ತಿದ್ದೆನೆಂದು ಮುದುಕರು ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಅದು ನಮ್ಮ ನೆರೆಯ ಊಟಿಯ ಸರಕು. ೧೯೬೦ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಸಂಸ್ಥೆ ಅಲ್ಲಿ ಅದನ್ನು ತಯಾರಿಸುತ್ತಿತ್ತು. ಕ್ಯಾಮೆರಾಗಳು ಕಾಗದವನ್ನು ಬಿಟ್ಟ ಮೇಲೆ ಆ ಕಾರ್ಖಾನೆ ಮುಚ್ಚಿಹೋಯಿತು. ಅಮೆರಿಕದ ಕೊಡಾಕ್ ಸಂಸ್ಥೆಯೂ ೨೦೦೫ರಲ್ಲಿ ಕಪ್ಪು ಬಿಳುಪಿನ ಕಾಗದದ ತಯಾರಿಕೆಯನ್ನು ಕೈಬಿಟ್ಟಿತು. ‘ಇಂದು’ ಎಂದರೆ ಚಂದ್ರ. ಕನ್ನಡದಲ್ಲಿ ಅದಕ್ಕೆ ‘ಈ ದಿನ’ ಎಂಬ ಅರ್ಥವೂ ಇದೆಯೆಂದು ಅವರಿಗೆ ತಿಳಿಸಿದೆ. "ಹಾಗಾದರೆ ಇಂದು ಎಂಬುದು ನನ್ನ ಹತ್ತಿರ ಮುಗಿದಿದೆ. ಸಿಕ್ಕ ಕಡೆಯಿಂದ ಹಾಳೆಗಳನ್ನು ತರಿಸಿ ದಿನ ನೂಕುತ್ತಿದ್ದೇನೆ," ಎಂದರು. ಆ ಬೆಳಿಗ್ಗೆ ನಮಗಾಗಿ ಅವರು ಆರು ಹಾಳೆಗಳನ್ನು ಖರ್ಚುಮಾಡಿದ್ದರು. ಪುಟ್ಟಿಯದಕ್ಕೂ ಅಮ್ಮನದಕ್ಕೂ ಹಣ ತೆಗೆದುಕೊಂಡರು. ತಂದೆಯವರ ಚಿತ್ರಕ್ಕೆ ಕಾಗದದ ಬೆಲೆಯನ್ನು ಮಾತ್ರ ತೆಗೆದುಕೊಂಡರು. ಹೆಚ್ಚು ಕೊಡಲು ಹೋದೆ. "ಅವರು ಮೇಷ್ಟ್ರು ಎಂದಿರಲ್ಲ?" ಎಂದು ಕೈಯನ್ನು ಅಡ್ಡ ಹಿಡಿದರು.

ಊರಿಗೆ ಬಂದ ಮೇಲೆ ಅಮ್ಮ ಎರಡು ಚಿತ್ರಗಳಿಗೂ ಸೇರಿಸಿ ಒಂದೇ ಕಟ್ಟು ಹಾಕಿಸಿದಳು. ಸಿನಿಮಾ ನಟನಂಥ ಆ ಗೃಹಸ್ಥರನ್ನು ಗೋಡೆಯಿಂದ ಇಳಿಸಿ ಅಟ್ಟಕ್ಕೆ ಕಳುಹಿಸಿದಳು. ನಾನು ನನ್ನ ಹೊಸ ಫೋನಿನಿಂದ ಪುಟ್ಟಿಯ ಚಿತ್ರಗಳನ್ನು ಆರಿಸಿ, ಕಾಗದದ ಮೇಲೆ ತೆಗೆಸಿ, ಒಂದು ಆಲ್ಬಮಿನಲ್ಲಿ ಅಂಟಿಸುವ ಕೆಲಸವನ್ನು ಹಿಡಿದೆ. ಅಮ್ಮ ಅದನ್ನು ನೋಡಿಯೂ ನೋಡದವಳಂತೆ ಇರುತ್ತಾಳೆ.

ಹೊಸ ಕಟ್ಟಿಗೆ ಆಕೆ ಹಾರ ಹಾಕುವುದಿಲ್ಲ. ಒಂದು ದಿನ ಪುಟ್ಟಿ ಕಾರಣ ಕೇಳಿದಳು.

"ಹಾರ ಹಾಕಿದರೆ ಮಚ್ಚೆ ಮುಚ್ಚಿಹೋಗುತ್ತೆ ಕಣೆ," ಎಂದಳು ಅಮ್ಮ.